ನಿದ್ದೆಗೆಟ್ಟರೆ ಮೂಳೆಗೇನು? ಒಡೆಯುವ ಕೈ, ಕಟ್ಟುವ ಕೈಗಳ ಲೆಕ್ಕ

ಹತ್ತು ಮಂದಿ ಆರೋಗ್ಯವಂತ ಗಂಡಸರು ಮೂರು ವಾರ ಪ್ರಯೋಗಾಲಯದ ಕೋಣೆಗಳಲ್ಲಿದ್ದರು. ಅಲ್ಲಿ ಗಡಿಯಾರವಿರಲಿಲ್ಲ, ಹೊರಗೆ ಹಗಲೋ ಇರುಳೋ ಎಂದು ತಿಳಿಯುವ ದಾರಿಯೂ ಇರಲಿಲ್ಲ. ದೀಪಗಳು ಮಂದವಾಗಿದ್ದವು. ಅವರ ಒಂದು ‘ದಿನ’ಕ್ಕೆ 28 ಗಂಟೆ. ಹೀಗಾಗಿ ಊಟ, ನಿದ್ದೆ, ಎಚ್ಚರ ಎಲ್ಲವೂ ದಿನದಿಂದ ದಿನಕ್ಕೆ ನಾಲ್ಕು ಗಂಟೆ ತಡವಾಗುತ್ತ ಹೋದವು. ನಿತ್ಯವೂ ನಾಲ್ಕು ಕಾಲವಲಯ ದಾಟಿ ಪಶ್ಚಿಮಕ್ಕೆ ವಿಮಾನದಲ್ಲಿ ಹಾರುತ್ತಲೇ ಇರುವವನ ಪಾಡು ಅದು. ಮಲಗಲು ಸಿಕ್ಕ ಸಮಯ 24 ಗಂಟೆಗೆ 5.6 ಗಂಟೆಯಂತೆ. ಊಟಕ್ಕೆ ಮಾತ್ರ ಕೊರತೆಯಿರಲಿಲ್ಲ. ಪೋಷಕಾಂಶಗಳನ್ನು ಅಳೆದು ಕೊಡಲಾಗುತ್ತಿತ್ತು.

ಮೂರು ವಾರಗಳ ಕೊನೆಗೆ ಅವರ ರಕ್ತದಲ್ಲಿ ಮುಖ್ಯವಾಗಿ ಎರಡು ವಸ್ತುಗಳನ್ನು ಅಳೆದರು. ಹಳೆಯ ಮೂಳೆ ಒಡೆದಾಗ ರಕ್ತಕ್ಕೆ ಸೇರುವ ಚೂರು ಒಂದು, ಅದರ ಹೆಸರು ಸಿಟಿಎಕ್ಸ್. ಹೊಸ ಮೂಳೆಗೆ ಬೇಕಾದ ಕೊಲ್ಯಾಜೆನ್ ನೇಯುವಾಗ ಕತ್ತರಿಸಿ ಬೀಳುವ ತುಣುಕು ಇನ್ನೊಂದು, ಪಿ1ಎನ್‌ಪಿ. ಮೊದಲನೆಯದು ಇದ್ದಷ್ಟೇ ಇತ್ತು. ಎರಡನೆಯದು ಕುಸಿದಿತ್ತು: ಇಪ್ಪತ್ತರ ಹರೆಯದವರಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು, 55 ದಾಟಿದವರಲ್ಲಿ ಸುಮಾರು ಶೇ 18. ಕೊಲರಾಡೊ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಸ್ವಾನ್ಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶ ಇದು. ನಿದ್ದೆಗೂ ಮೂಳೆಗೂ ಇರುವ ನಂಟಿನ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯಲ್ಲಿ ಈ ಪುಟ್ಟ ಪ್ರಯೋಗ ಮತ್ತೆ ಮತ್ತೆ ಬರುತ್ತದೆ.

ಈ ಫಲಿತಾಂಶ ‘ನಿದ್ದೆ ಕಡಿಮೆಯಾದರೆ ಮೂಳೆ ಕರಗುತ್ತದೆ’ ಎಂಬ ತಲೆಬರಹದ ವೇಷ ತೊಟ್ಟು ಆರೋಗ್ಯ ಪುಟಗಳಲ್ಲಿ ಓಡಾಡಿತು. ಆದರೆ ಆ ಹತ್ತು ಮಂದಿಯಲ್ಲಿ ಮೂಳೆ ಕರಗುವ ವೇಗ ಹೆಚ್ಚಿರಲಿಲ್ಲ, ಕಟ್ಟುವ ವೇಗ ತಗ್ಗಿತ್ತು. ಇದು ಬರಿಯ ಮಾತಿನ ವ್ಯತ್ಯಾಸವಲ್ಲ. ನಿದ್ದೆಗೇಡು ಮೂಳೆಗೆ ಹೇಗೆ ತೊಂದರೆ ಕೊಡಬಹುದು, ಯಾರಿಗೆ ಹೆಚ್ಚು ಕೊಡಬಹುದು ಎಂಬುದು ಈ ಒಂದು ಎಳೆಯನ್ನು ಹಿಡಿದು ಹೊರಟರೆ ಮಾತ್ರ ತಿಳಿಯುತ್ತದೆ.

ಮೂಳೆಯನ್ನು ನಾವು ಕಣ್ಣಾರೆ ನೋಡುವುದು ಹೆಚ್ಚಾಗಿ ಅದು ಸತ್ತ ಮೇಲೆ, ಶಾಲೆಯ ಪ್ರಯೋಗಾಲಯದ ಅಸ್ಥಿಪಂಜರವಾಗಿ. ಹಾಗಾಗಿ ಅದು ಒಮ್ಮೆ ಕಟ್ಟಿ ಮುಗಿಸಿದ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬದುಕಿರುವ ಮೂಳೆಯಲ್ಲಿ ದುರಸ್ತಿ ನಿಲ್ಲುವುದೇ ಇಲ್ಲ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಆಸ್ಟಿಯೊಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ, ಬಿರುಕುಬಿಟ್ಟ ಭಾಗವನ್ನು ಆಮ್ಲ ಸುರಿದು ಕರಗಿಸಿ ಗುಳಿ ತೋಡುತ್ತವೆ. ಅವುಗಳ ಹಿಂದೆಯೇ ಬರುವ ಆಸ್ಟಿಯೊಬ್ಲಾಸ್ಟ್‌ಗಳು ಆ ಗುಳಿಯಲ್ಲಿ ಮೊದಲು ಕೊಲ್ಯಾಜೆನ್ ಹಂದರ ಹೆಣೆದು, ಬಳಿಕ ಅದಕ್ಕೆ ಖನಿಜ ತುಂಬಿಸುತ್ತವೆ. ಮೂಳೆಯೊಳಗೆ ಹುದುಗಿರುವ ಆಸ್ಟಿಯೊಸೈಟ್‌ಗಳು ಎಲ್ಲಿ ಒಡೆಯಬೇಕು, ಎಲ್ಲಿ ಕಟ್ಟಬೇಕು ಎಂದು ಹೇಳುವ ಮೇಸ್ತ್ರಿಗಳು. ಮೂಳೆಯ ಜೀವಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇವೇ.

ಇಲ್ಲಿ ಗಮನಿಸಬೇಕಾದದ್ದು ಸಮಯದ ಲೆಕ್ಕ. ಗುಳಿ ತೋಡುವುದು ಕೆಲವು ವಾರಗಳ ಕೆಲಸ. ಅದನ್ನು ತುಂಬಲು ತಿಂಗಳುಗಳು ಬೇಕು. ಮನೆ ಕೆಡವಲು ಒಂದು ದಿನ, ಕಟ್ಟಲು ಒಂದು ವರ್ಷ ಎಂಬಂತೆ. ಕೆಡವುವವರು ದಿನವೂ ಬಂದು, ಕಟ್ಟುವವರು ನಾಲ್ಕು ದಿನಕ್ಕೊಮ್ಮೆ ರಜೆ ಹಾಕಿದರೆ ಗುಳಿಗಳು ಪೂರ್ತಿ ತುಂಬುವುದಿಲ್ಲ. ಯಾರೂ ಹೆಚ್ಚು ಕೆಡವಲಿಲ್ಲ, ಆದರೂ ಗೋಡೆ ತೆಳುವಾಯಿತು. ಇಂತಹ ನಷ್ಟಕ್ಕೆ ನೋವಿಲ್ಲ, ಬಾವು ಇಲ್ಲ. ಬಿದ್ದು ಮುರಿಯುವವರೆಗೆ ಸುಳಿವೂ ಇಲ್ಲ.

ರಾತ್ರಿ ಮೂಳೆಯಲ್ಲಿ ನಡೆಯುವುದೇನು?

‘ನಿದ್ದೆಯಲ್ಲಿ ದೇಹ ರಿಪೇರಿಯಾಗುತ್ತದೆ’ ಎಂಬ ಮಾತು ಎಷ್ಟು ಸವಕಲಾಗಿದೆಯೆಂದರೆ, ಅದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಮೂಳೆಯ ಮಟ್ಟಿಗೆ ರಾತ್ರಿ ಎಂದರೆ ಒಡೆಯುವ ಹೊತ್ತು. ಸಿಟಿಎಕ್ಸ್ ಮಟ್ಟ ರಾತ್ರಿಯ ಕೊನೆಯ ಭಾಗದಲ್ಲಿ, ಬೆಳಗಿನ ಜಾವದ ಹೊತ್ತಿಗೆ ತುತ್ತತುದಿಯಲ್ಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಳ ಮುಟ್ಟುತ್ತದೆ. ಕಟ್ಟುವಿಕೆಯನ್ನು ತೋರಿಸುವ ಪಿ1ಎನ್‌ಪಿಯಲ್ಲಿ ಇಷ್ಟು ದೊಡ್ಡ ಏರಿಳಿತ ಕಾಣುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ನಿದ್ದೆಯಲ್ಲ, ಹಸಿವು. ರಾತ್ರಿಯಿಡೀ ಹೊಟ್ಟೆಗೆ ಏನೂ ಬೀಳುವುದಿಲ್ಲ. ಆದರೆ ಹೃದಯ ಬಡಿಯಲು, ನರಗಳು ಸಂದೇಶ ಸಾಗಿಸಲು ರಕ್ತದಲ್ಲಿ ಕ್ಯಾಲ್ಸಿಯಂ ಒಂದೇ ಮಟ್ಟದಲ್ಲಿ ಇರಲೇಬೇಕು. ಆ ಹೊತ್ತಿನಲ್ಲಿ ದೇಹ ಮೂಳೆಯಿಂದ ಕೈಗಡ ತೆಗೆದುಕೊಳ್ಳುತ್ತದೆ, ಹಗಲು ಉಂಡು ತೀರಿಸುತ್ತದೆ. ಜನರನ್ನು ಉಪವಾಸ ಇರಿಸಿ ಅಳೆದಾಗ ಈ ದೈನಂದಿನ ಏರಿಳಿತ ಬಹುಮಟ್ಟಿಗೆ ಕುಗ್ಗಿದ್ದನ್ನು ಸಂಶೋಧಕರು 1999ರಷ್ಟು ಹಿಂದೆಯೇ ಕಂಡಿದ್ದರು. ಒಂದು ರಾತ್ರಿ ನಿದ್ದೆಗೆಟ್ಟ ಮಾತ್ರಕ್ಕೆ ಮೂಳೆಗೆ ಅನಾಹುತವಾಗುವುದಿಲ್ಲ ಎನ್ನಲು ಇದೂ ಒಂದು ಆಧಾರ.

ಹಾಗಾದರೆ ನಿದ್ದೆಯ ಪಾತ್ರವೆಲ್ಲಿ? ಮೂಳೆಯ ಜೀವಕೋಶಗಳೊಳಗೇ ಗಡಿಯಾರವಿದೆ. ಪಿರಿಯಡ್, ಕ್ರಿಪ್ಟೊಕ್ರೋಮ್, ಬಿಮಾಲ್1 ಮುಂತಾದ ವಂಶವಾಹಿಗಳ ಸುಮಾರು 24 ಗಂಟೆಗಳ ಆವರ್ತನವೇ ಆ ಗಡಿಯಾರ. ಇಂತಹ ಗಡಿಯಾರದ ಮೂಲ ಗುಟ್ಟನ್ನು ಹಣ್ಣುನೊಣದಲ್ಲಿ ಬಿಡಿಸಿದ ಮೂವರಿಗೆ 2017ರ ನೊಬೆಲ್ ಸಿಕ್ಕಿತು. ಇಲಿಗಳಲ್ಲಿ ಬಿಮಾಲ್1 ಅನ್ನು ತೆಗೆದುಹಾಕಿದರೆ ಮೂಳೆ ತೆಳುವಾಗುತ್ತದೆ. ಪಿರಿಯಡ್ ಅಥವಾ ಕ್ರಿಪ್ಟೊಕ್ರೋಮ್‌ಗಳನ್ನು ತೆಗೆದರೆ ತದ್ವಿರುದ್ಧವಾಗಿ ಮೂಳೆ ದಪ್ಪಗಾಗುತ್ತದೆ. ಗಡಿಯಾರದ ಯಾವ ಹಲ್ಲು ಮುರಿದರೂ ಮೂಳೆಗೆ ಅದರ ಪೆಟ್ಟು ತಟ್ಟುತ್ತದೆ, ಆದರೆ ಒಂದೇ ದಿಕ್ಕಿನಲ್ಲಿ ಅಲ್ಲ ಎಂಬುದು ಇದರಿಂದ ಸ್ಪಷ್ಟ. ಈ ಗಡಿಯಾರಗಳಿಗೆ ಹೊತ್ತು ತಿಳಿಸುವುದು ಮಿದುಳು. ಮಿದುಳಿಗೆ ಹೊತ್ತು ತಿಳಿಸುವುದು ಬೆಳಕು. ಮೂಳೆಯ ಗಡಿಯಾರಕ್ಕೆ ಊಟದ ಹೊತ್ತೂ ಒಂದು ಸೂಚನೆ. ಬೆಳಕು ಒಂದು ಹೇಳಿ ಊಟ ಇನ್ನೊಂದು ಹೇಳಿದರೆ ಒಡೆಯುವ ಕೈಗೂ ಕಟ್ಟುವ ಕೈಗೂ ತಾಳ ತಪ್ಪುವುದು ಸಹಜ. 28 ಗಂಟೆಯ ದಿನದಲ್ಲಿ ಮಾಡಿದ್ದು ಇದನ್ನೇ. ಅಲ್ಲಿ ನಿದ್ದೆಯನ್ನು ಕಡಿಮೆ ಮಾಡಿದರು, ಗಡಿಯಾರವನ್ನೂ ಕೆಡಿಸಿದರು. ಮೂಳೆಗೆ ತಟ್ಟಿದ್ದು ಯಾವುದು ಎಂದು ಬೇರ್ಪಡಿಸಲು ಆ ಪ್ರಯೋಗದಲ್ಲಿ ದಾರಿಯಿಲ್ಲ. ಮುಂದೆ ಮಹಿಳೆಯರ ಮೇಲೆ ನಡೆದ ಇದೇ ಬಗೆಯ ಅಧ್ಯಯನದಲ್ಲಿಯೂ ಮೂಳೆಯ ಸೂಚಕಗಳು ಕೆಡುಕಿನ ಕಡೆಗೇ ವಾಲಿದವು. ಗಡಿಯಾರವನ್ನು ಮುಟ್ಟದೆ ಬರಿಯ ನಿದ್ದೆಯನ್ನಷ್ಟೇ ಕೆಲವು ದಿನ ಮೊಟಕುಗೊಳಿಸಿದ ಪ್ರಯೋಗಗಳು ಇಷ್ಟು ಒಮ್ಮತದಿಂದ ಮಾತನಾಡುವುದಿಲ್ಲ. ನನ್ನ ಓದಿನ ಮಟ್ಟಿಗೆ, ಗಂಟೆಗಳ ಕೊರತೆಗಿಂತ ಹೊತ್ತುಗೇಡೇ ದೊಡ್ಡ ಆರೋಪಿ.

ಹಾರ್ಮೋನ್‌ಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಬೆಳವಣಿಗೆಯ ಹಾರ್ಮೋನ್ ಅತಿ ಹೆಚ್ಚು ಸ್ರವಿಸುವುದು ಮಲಗಿದ ಮೊದಲ ತಾಸುಗಳ ಗಾಢ ನಿದ್ದೆಯಲ್ಲಿ. ಆ ನಿದ್ದೆ ತಪ್ಪಿದರೆ ಹಾರ್ಮೋನೂ ತಪ್ಪಿತು, ಮೂಳೆಯೂ ಕೆಟ್ಟಿತು ಎಂಬುದು ಸರಳ ತರ್ಕ. ಆದರೆ ರಾತ್ರಿ ತಪ್ಪಿದ್ದನ್ನು ದೇಹ ಮರುದಿನ ಹಗಲಿನಲ್ಲಿ ಸ್ರವಿಸಿ ಸರಿದೂಗಿಸುವುದನ್ನು 2000ದಲ್ಲಿಯೇ ತೋರಿಸಲಾಗಿದೆ. ಸರಳ ತರ್ಕದ ಕೊಂಡಿ ಅಲ್ಲಿಯೇ ಕಳಚುತ್ತದೆ. ಟೆಸ್ಟೋಸ್ಟೆರಾನ್ ವಿಷಯ ತುಸು ಗಟ್ಟಿ: ಒಂದು ವಾರ ದಿನಕ್ಕೆ ಐದು ಗಂಟೆ ಮಾತ್ರ ಮಲಗಿದ ಹತ್ತು ಯುವಕರಲ್ಲಿ ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಇಳಿದಿದ್ದನ್ನು 2011ರ ಷಿಕಾಗೊ ಅಧ್ಯಯನ ದಾಖಲಿಸಿದೆ. ಗಂಡಸರ ಮೂಳೆಗೂ ಈ ಹಾರ್ಮೋನ್ ಬೇಕೇ ಬೇಕು. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್, ನಿದ್ದೆಗೆಟ್ಟವರಲ್ಲಿ ಸಂಜೆ ಇಳಿಯಬೇಕಾದಷ್ಟು ಇಳಿಯುವುದಿಲ್ಲ ಎಂಬುದೂ ನಿಜ. ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ನುಂಗುವವರ ಮೂಳೆ ಟೊಳ್ಳಾಗುವುದನ್ನು ಕಂಡವರು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆದರೆ ನಿದ್ದೆಗೇಡಿನಿಂದ ಏರುವ ಕಾರ್ಟಿಸಾಲ್ ಆ ಮಾತ್ರೆಗಳ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ.

ಒಂದು ಪ್ರಾಣಿ ಪ್ರಯೋಗವನ್ನು ಮಾತ್ರ ಬಿಡಲಾಗದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕ್ಯಾರಲ್ ಎವರ್ಸನ್ ತಂಡ ಇಲಿಗಳ ನಿದ್ದೆಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಪದೇಪದೇ ಮುರಿದು 2012ರಲ್ಲಿ ವರದಿ ಮಾಡಿತು. ಹೊಸ ಮೂಳೆ ಕಟ್ಟುವ ಕೆಲಸ ನಿಂತೇಹೋಗುವಷ್ಟು ಕುಗ್ಗಿತ್ತು, ಮೂಳೆ ಮಜ್ಜೆಯೂ ಬದಲಾಗಿತ್ತು. ಮತ್ತೆ ಅದೇ ಕಥೆ: ಕಟ್ಟುವ ಕೈ ಸೋತದ್ದು.

ಶೇ 63 ಎಂಬ ಅಂಕಿಯ ಹಿಂದೆ

ಪ್ರಯೋಗಾಲಯದಿಂದ ಹೊರಗೆ ಬಂದರೆ ಎದುರಾಗುವ ದೊಡ್ಡ ಅಧ್ಯಯನ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ನದು. ಋತುಬಂಧ ದಾಟಿದ 11,084 ಮಹಿಳೆಯರ ಮೂಳೆ ಸಾಂದ್ರತೆಯನ್ನು ಅವರು ಹೇಳಿದ ನಿದ್ದೆಯ ಗಂಟೆಗಳ ಜೊತೆ ಹೋಲಿಸಿ 2019ರಲ್ಲಿ ಪ್ರಕಟಿಸಲಾಯಿತು. ಬಫಲೊ ವಿಶ್ವವಿದ್ಯಾಲಯದ ಹೆದರ್ ಓಕ್ಸ್-ಬಾಲ್ಕಮ್ ಇದರ ಮುಂದಾಳು. ರಾತ್ರಿ ಏಳು ಗಂಟೆ ಮಲಗುವವರಿಗೆ ಹೋಲಿಸಿದರೆ ಐದು ಗಂಟೆ ಅಥವಾ ಇನ್ನೂ ಕಡಿಮೆ ಮಲಗುವವರಲ್ಲಿ ಅಳೆದ ನಾಲ್ಕೂ ಜಾಗಗಳಲ್ಲಿ ಸಾಂದ್ರತೆ ಕಡಿಮೆ ಇತ್ತು. ಸೊಂಟದಲ್ಲಿ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಸ್ಥಿತಿ ಇರುವ ಸಂಭವ ಶೇ 63 ಹೆಚ್ಚಿತ್ತು.

ಸುದ್ದಿಯಾದದ್ದು ಈ ಶೇ 63. ಅದೇ ಸಂಶೋಧಕರು ಹೇಳಿದ ಇನ್ನೊಂದು ಮಾತು ಸುದ್ದಿಯಾಗಲಿಲ್ಲ: ಸಾಂದ್ರತೆಯ ಸರಾಸರಿ ವ್ಯತ್ಯಾಸ ಸುಮಾರು ಒಂದು ವರ್ಷ ವಯಸ್ಸಾದಷ್ಟು. ಐದು ಗಂಟೆ ಮಲಗುವವಳ ಮೂಳೆ ಅವಳಿಗಿಂತ ಒಂದು ವರ್ಷ ಹಿರಿಯಳ ಮೂಳೆಯಂತಿತ್ತು ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಎರಡೂ ನಿಜ. ಆಸ್ಟಿಯೊಪೊರೋಸಿಸ್ ಎಂದು ಹೆಸರಿಡಲು ಒಂದು ಗೆರೆ ಎಳೆದಿದ್ದಾರೆ. ಯುವ ವಯಸ್ಕರ ಸರಾಸರಿಗಿಂತ ಎರಡೂವರೆ ಮಾನಕ ವಿಚಲನೆ (ಒಬ್ಬರಿಂದೊಬ್ಬರಿಗೆ ಇರುವ ಸಹಜ ಏರುಪೇರಿನ ಅಳತೆ) ಕೆಳಗೆ, ವೈದ್ಯರ ಭಾಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5. ಆ ಗೆರೆಯ ಕೆಳಗೆ ಇರುವವರು ಮೊದಲೇ ಕೆಲವರು. ಎಲ್ಲರ ಸರಾಸರಿ ಕೂದಲೆಳೆಯಷ್ಟು ಸರಿದರೂ ಗೆರೆ ದಾಟುವವರ ಶೇಕಡಾವಾರು ಏರಿಕೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ತೊಡಕಿದೆ, ಇದು ಹೆಚ್ಚು ಗಂಭೀರ. ಋತುಬಂಧದಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಅದರಿಂದ ಮೂಳೆ ವೇಗವಾಗಿ ಸವೆಯುತ್ತದೆ. ಅದರಿಂದಲೇ ಮೈ ಕುದಿದು, ಬೆವತು, ರಾತ್ರಿ ಮೂರು ಬಾರಿ ಎಚ್ಚರವಾಗುತ್ತದೆ. ಮೂಳೆ ಸವೆತ, ನಿದ್ದೆಗೇಡು ಎರಡೂ ಒಬ್ಬಳೇ ತಾಯಿಯ ಮಕ್ಕಳಾಗಿರುವಾಗ, ಒಬ್ಬಳು ಇನ್ನೊಬ್ಬಳನ್ನು ಹೆತ್ತಳು ಎನ್ನುವುದು ಹೇಗೆ? ಮೈಕೈ ನೋವು, ಖಿನ್ನತೆ, ನಡಿಗೆ ಕಡಿಮೆಯಾಗುವುದು, ಕೆಲವು ಔಷಧಗಳು, ಇವೆಲ್ಲ ನಿದ್ದೆಯನ್ನೂ ಕೆಡಿಸುತ್ತವೆ, ಮೂಳೆಯನ್ನೂ ಕೆಡಿಸುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಇವುಗಳನ್ನು ಸೋಸಿ ತೆಗೆಯಲು ಉಪಾಯಗಳಿವೆ, ಆದರೆ ಎಲ್ಲವನ್ನೂ ತೆಗೆದಾಯಿತು ಎಂದು ಪ್ರಮಾಣ ಮಾಡಲು ಆಗುವುದಿಲ್ಲ. ಮೂಳೆ ಸಾಂದ್ರತೆಯ ಸ್ಕ್ಯಾನಿನಲ್ಲಿ ಬದಲಾವಣೆ ನಂಬುವಷ್ಟು ಕಾಣಲು ವರ್ಷ ಎರಡು ವರ್ಷ ಬೇಕು. ಅಷ್ಟು ಕಾಲ ಯಾರನ್ನೂ ಬೇಕೆಂದೇ ನಿದ್ದೆಗೆಡಿಸಿ ಇಡಲಾಗದು; ಇಡಲೂಬಾರದು.

ಬೇಕೆಂದು ಮಾಡದ ಆ ಪ್ರಯೋಗಕ್ಕೆ ಅತ್ಯಂತ ಹತ್ತಿರದ್ದು ರಾತ್ರಿ ಪಾಳಿ. ಅಮೆರಿಕದ ನರ್ಸ್‌ಗಳ ದೀರ್ಘ ಅಧ್ಯಯನದಲ್ಲಿ, ಋತುಬಂಧ ದಾಟಿದ 38,062 ಮಂದಿಯ ಮಾಹಿತಿಯನ್ನು ನೋಡಿ 2009ರಲ್ಲಿ ವರದಿ ಬಂತು. ಇಪ್ಪತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸರದಿಯ ಮೇಲೆ ರಾತ್ರಿ ಪಾಳಿ ಮಾಡಿದವರಲ್ಲಿ, ಒಮ್ಮೆಯೂ ಮಾಡದವರಿಗಿಂತ, ಮುಂದಿನ ಎಂಟು ವರ್ಷಗಳಲ್ಲಿ ಸೊಂಟ ಅಥವಾ ಮಣಿಕಟ್ಟು ಮುರಿಯುವ ಅಪಾಯ ಶೇ 37 ಹೆಚ್ಚಿತ್ತು. ಮೈ ತೆಳ್ಳಗಿದ್ದು, ಹಾರ್ಮೋನ್ ಚಿಕಿತ್ಸೆಯನ್ನೂ ಪಡೆಯದವರಲ್ಲಿ ಅಪಾಯ ದುಪ್ಪಟ್ಟಿಗೂ ಹೆಚ್ಚು. ಬಿಸಿಲು ಕಾಣದೆ ವಿಟಮಿನ್ ಡಿ ಕಡಿಮೆಯಾಗುವುದೂ ಇಲ್ಲಿ ಕೈಜೋಡಿಸಿರಬಹುದು. ಆದರೂ 28 ಗಂಟೆಯ ಕೋಣೆಯಲ್ಲಿ ಕಂಡದ್ದಕ್ಕೂ ಇದಕ್ಕೂ ಎಳೆ ಕೂಡುತ್ತದೆ.

ಬೀಳುವವರ ಮೂಳೆ

ಮೂಳೆ ತೆಳುವಾದ ಮಾತ್ರಕ್ಕೆ ತಾನಾಗಿ ಮುರಿಯುವುದು ವಿರಳ. ಸೊಂಟದ ಮುರಿತಗಳಲ್ಲಿ ಬಹುಪಾಲು ಬಿದ್ದು ಆದವು. ನಿದ್ದೆಯ ಪ್ರಶ್ನೆಯಲ್ಲಿ ನಮ್ಮ ಗಮನವೆಲ್ಲ ಸಾಂದ್ರತೆಯ ಮೇಲೆಯೇ ಇದ್ದು, ಬೀಳುವುದನ್ನು ಮರೆತೇಬಿಟ್ಟಿದ್ದೇವೆ ಅನ್ನಿಸುತ್ತದೆ. ರಾತ್ರಿ ಸರಿಯಾಗಿ ಮಲಗದವನ ಕಾಲು ಮರುದಿನ ಮೆಟ್ಟಿಲನ್ನು ಅಂದಾಜು ತಪ್ಪಿ ಇಡುತ್ತದೆ. ಅದೇ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ, ಐದು ಗಂಟೆಗಿಂತ ಹೆಚ್ಚು ಮಲಗದವರು ಪದೇಪದೇ ಬೀಳುವುದು ಹೆಚ್ಚಾಗಿ ಕಂಡಿತು. ಹತ್ತು ಗಂಟೆ ಮತ್ತು ಅದಕ್ಕಿಂತ ಹೆಚ್ಚು ಮಲಗುವವರೂ ಹಾಗೆಯೇ ಹೆಚ್ಚಾಗಿ ಬಿದ್ದರು.

ಇಲ್ಲಿಯೇ ಒಂದು ಕ್ರೂರ ವ್ಯಂಗ್ಯವೂ ಇದೆ. ಸಂತೆಯಲ್ಲೂ ನಿದ್ದೆ ಮಾಡುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಎಷ್ಟೋ ಹಿರಿಯರು ನಿದ್ದೆ ಮಾತ್ರೆಯ ಮೊರೆ ಹೋಗುತ್ತಾರೆ. ಬೆಂಜೊಡಯಾಜೆಪೈನ್ ಗುಂಪಿನ ಮಾತ್ರೆಗಳಾಗಲಿ, ಜೋಲ್ಪಿಡೆಮ್‌ನಂಥವಾಗಲಿ, ನಡುರಾತ್ರಿ ಮೂತ್ರಕ್ಕೆ ಎದ್ದವರ ಕಾಲಿನ ಹಿಡಿತ ತಪ್ಪಿಸುತ್ತವೆ. ಈ ಮಾತ್ರೆಗಳಿಗೂ ಸೊಂಟದ ಮುರಿತಕ್ಕೂ ಇರುವ ನಂಟು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಮೂಳೆ ಉಳಿಸಿಕೊಳ್ಳಲು ನಿದ್ದೆ ಬೇಕೆಂದು ಮಾತ್ರೆ ನುಂಗಿ, ಆ ಮಾತ್ರೆಯಿಂದಲೇ ಮೂಳೆ ಮುರಿದುಕೊಂಡರೆ ಅದು ಸುಣ್ಣದ ನೀರನ್ನು ಹಾಲೆಂದು ಕುಡಿದಂತೆ. ಮಾತ್ರೆಯನ್ನು ತಾನೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಅದನ್ನು ವೈದ್ಯರೊಡನೆ ಮಾತನಾಡಿ ಮೆಲ್ಲಗೆ ಇಳಿಸಬೇಕು.

ಹಾಗೆಂದು ಹೆಚ್ಚು ಮಲಗಿದಷ್ಟೂ ಮೂಳೆಗೆ ಒಳ್ಳೆಯದೇ? ಅಲ್ಲ. ಮೂಳೆ ಗಟ್ಟಿಯಾಗುವುದು ಭಾರ ಹೊತ್ತಾಗ. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದ ಗಗನಯಾತ್ರಿಗಳು ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಕಳೆದುಕೊಳ್ಳುತ್ತಿದ್ದರು, ವಾರಗಟ್ಟಲೆ ಹಾಸಿಗೆ ಹಿಡಿದವರ ಕಥೆಯೂ ಬೇರೆಯಲ್ಲ. ಅತಿ ಉದ್ದದ ನಿದ್ದೆ ಬಹಳ ಸಲ ಒಳಗಿನ ಬೇರೆ ಕಾಯಿಲೆಯ ನೆರಳು. ವಯಸ್ಕರಿಗೆ ಏಳು ಗಂಟೆ ಅಥವಾ ಹೆಚ್ಚು ಎಂದು 2015ರಲ್ಲಿ ಅಮೆರಿಕದ ನಿದ್ರಾ ತಜ್ಞರ ಸಂಘಗಳು ಕೊಟ್ಟ ಸಲಹೆ ಇಡೀ ದೇಹದ ಆರೋಗ್ಯವನ್ನು ನೋಡಿ ಕೊಟ್ಟದ್ದು. ಮೂಳೆಗೆಂದೇ ಪ್ರತ್ಯೇಕ ಅಂಕಿಯನ್ನು ಯಾರಾದರೂ ಹೇಳಿದರೆ ಅನುಮಾನಿಸಿ.

ಹದಿಹರೆಯದವರ ವಿಷಯವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಜೀವಮಾನದ ಮೂಳೆಯ ಬಹುಭಾಗ ಕಟ್ಟಿ ಮುಗಿಯುವುದು ಇಪ್ಪತ್ತರ ಆಸುಪಾಸಿಗೆ. ಮುಂದಿನದೆಲ್ಲ ಆ ಠೇವಣಿಯನ್ನು ಕಾಯ್ದುಕೊಳ್ಳುವ ಕೆಲಸ. ಕುರಿಮರಿಗಳ ಕಾಲಿನ ಮೂಳೆಗೆ ಸಣ್ಣ ಅಳತೆಯ ಉಪಕರಣ ಕೂರಿಸಿ ನೋಡಿದ ಸಂಶೋಧಕರು, ಉದ್ದ ಬೆಳೆಯುವಿಕೆಯ ಶೇ 90ರಷ್ಟು ಅವು ಮಲಗಿರುವಾಗಲೇ ಆದದ್ದನ್ನು 2004ರಲ್ಲಿ ವರದಿ ಮಾಡಿದರು. ನಿಂತಾಗ ಮೈಭಾರ ಬೆಳೆಯುವ ತುದಿಯನ್ನು ಅದುಮಿ ಹಿಡಿಯುತ್ತದೆ, ಮಲಗಿದಾಗ ಬಿಡುತ್ತದೆ. ಕುರಿಮರಿಯ ಮಾತು ಮಕ್ಕಳಿಗೆ ಹಾಗೆಯೇ ಹೊಂದುತ್ತದೆ ಎನ್ನಲಾಗದು. ಆದರೆ 28 ಗಂಟೆಯ ಪ್ರಯೋಗದಲ್ಲಿ ಹೆಚ್ಚು ಕುಸಿತ ಕಂಡದ್ದು ಕಿರಿಯರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಟ್ಟುವ ಕೈ ಚುರುಕಾಗಿರುವ ವಯಸ್ಸಿನಲ್ಲಿ ಅದು ಸೋತರೆ ನಷ್ಟವೂ ದೊಡ್ಡದು. ನಡುರಾತ್ರಿಯವರೆಗೆ ಮೊಬೈಲ್ ಹಿಡಿದು ಕೂರುವ, ನಸುಕಿನಲ್ಲಿ ಎದ್ದು ತರಗತಿಗೆ ಓಡುವ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುವುದು ಬರಿಯ ಅಂಕದ ಪ್ರಶ್ನೆಯಲ್ಲ.

ಇಷ್ಟೆಲ್ಲ ತಿಳಿದ ಮೇಲೆ ವೈದ್ಯರ ಕೋಣೆಯಲ್ಲಿ ಏನು ಬದಲಾಗಿದೆ? ಮುರಿತದ ಅಪಾಯವನ್ನು ಲೆಕ್ಕ ಹಾಕಲು ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ‘ಫ್ರಾಕ್ಸ್’ ಎಂಬ ಸಾಧನ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದು ವಯಸ್ಸು, ತೂಕ, ಹಿಂದೆ ಆದ ಮುರಿತ, ತಂದೆ ತಾಯಿಯ ಸೊಂಟದ ಮುರಿತ, ಧೂಮಪಾನ, ಮದ್ಯಪಾನ, ಸ್ಟೀರಾಯ್ಡ್ ಮುಂತಾದವನ್ನು ಕೇಳುತ್ತದೆ. ನಿದ್ದೆಯ ಬಗ್ಗೆ ಪ್ರಶ್ನೆಯಿಲ್ಲ, ಪಾಳಿಯ ಬಗ್ಗೆಯೂ ಇಲ್ಲ. ಈಗಿನ ಪುರಾವೆಯ ಮಟ್ಟಕ್ಕೆ ಅದು ನ್ಯಾಯವೇ. ಆದರೆ ಕಾಗದ ಕೇಳದಿದ್ದರೂ ರೋಗಿ ಹೇಳಬಹುದು. ಇಪ್ಪತ್ತು ವರ್ಷ ರಾತ್ರಿ ದುಡಿದವರು, ಗೊರಕೆಯ ನಡುವೆ ಉಸಿರು ಕಟ್ಟಿ ಏಳುವವರು, ನಿದ್ದೆ ಮಾತ್ರೆ ನುಂಗುವವರು ಮೂಳೆಯ ಪರೀಕ್ಷೆಗೆ ಹೋದಾಗ ಅದನ್ನು ಮೊದಲೇ ಹೇಳುವುದು ಒಳ್ಳೆಯದು.

ರಕ್ತ ಪರೀಕ್ಷೆಗೆ ಹೋಗುವಾಗಲಂತೂ ಇದು ತೀರ ಮುಖ್ಯ. ಸಿಟಿಎಕ್ಸ್ ಅಳೆಯಲು ರಕ್ತವನ್ನು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಕೊಡಬೇಕೆಂಬ ನಿಯಮ ಇರುವುದೇ ದಿನದ ಆ ಏರಿಳಿತದ ಕಾರಣಕ್ಕೆ. ರಾತ್ರಿಯಿಡೀ ದುಡಿದು, ನಡುವೆ ಎರಡು ಬಾರಿ ಉಂಡು, ಪಾಳಿ ಮುಗಿಸಿ ನೇರವಾಗಿ ಪ್ರಯೋಗಾಲಯಕ್ಕೆ ಬಂದವರ ಚೀಟಿಯ ಮೇಲೆ ಬರೆದಿರುವುದು ಬೆಳಗಿನ ಎಂಟು ಗಂಟೆ. ಅವರ ಮೂಳೆಯ ಗಡಿಯಾರದಲ್ಲಿ ಆಗ ಎಷ್ಟು ಹೊತ್ತು ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ.